ಮೊಳಕೆಕಾಳಿಗೆ ಜಿಂಕ್, ಸೆಲೆನಿಯಂ ಕುಡಿಸೋದು ಅಂದ್ರೆ ಏನು?

ಕೊರೊನಾ ಕಾಲದಲ್ಲಿ ಜಿಂಕ್ ಮಾತ್ರೆ ಮನೆಮನೆಗೂ ಬಂತು. ಬಾಲ್ಕನಿಯಲ್ಲಿ ಟ್ರೇ ಇಟ್ಟು ಮೈಕ್ರೋಗ್ರೀನ್ಸ್ ಅನ್ನೋ ಎಳೆಸೊಪ್ಪು ಬೆಳೆಯುವವರೂ ಜಾಸ್ತಿಯಾದರು. ಈಗ ಎರಡೂ ಸೇರಿದ ಒಂದು ಹೊಸ ಮಾತು ಕೇಳಿಬರುತ್ತಿದೆ, ಖನಿಜ ತುಂಬಿಸಿದ ಮೊಳಕೆ ಅಂತ. ಅಂದರೆ ಮೊಳಕೆ ಬರಿಸುವಾಗಲೇ ನೀರಿನ ಮೂಲಕ ಜಿಂಕ್, ಸೆಲೆನಿಯಂ, ಕಬ್ಬಿಣದಂಥ ಅಂಶಗಳನ್ನು ಅದಕ್ಕೆ ಕುಡಿಸಿ, ಆಮೇಲೆ ಆ ಮೊಳಕೆಯನ್ನು ನಾವು ತಿನ್ನುವುದು. ಇದನ್ನು ಕೇಳಿದವರಿಗೆ ಕೂಡಲೇ ಹೊಳೆಯುವ ಪ್ರಶ್ನೆ: ಹಾಗಾದರೆ ಹೆಸರುಕಾಳು ನೆನೆಸೋ ಪಾತ್ರೆಗೆ ನಾವೇ ಒಂದು ಮಾತ್ರೆ ಪುಡಿ ಮಾಡಿ ಹಾಕಬಹುದಲ್ವಾ?

ಹಾಕಬೇಡಿ. ಯಾಕೆ ಅಂತ ತಿಳಿಯಬೇಕಾದರೆ ಕಾಳಿನ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ಮೊದಲಿನಿಂದ ನೋಡಬೇಕು.

ಲಘು ಪೋಷಕಾಂಶ ಯಾಕೆ ಬೇಕು

ಅನ್ನ, ರಾಗಿ, ಬೇಳೆ, ಎಣ್ಣೆ ಇವನ್ನೆಲ್ಲ ನಾವು ಗ್ರಾಂ ಲೆಕ್ಕದಲ್ಲಿ, ನೂರಾರು ಗ್ರಾಂ ಲೆಕ್ಕದಲ್ಲಿ ತಿನ್ನುತ್ತೇವೆ. ಕೆಲವು ಖನಿಜಗಳು ಮಾತ್ರ ದಿನಕ್ಕೆ ಮಿಲಿಗ್ರಾಂ ಇಲ್ಲವೇ ಮೈಕ್ರೋಗ್ರಾಂ ಲೆಕ್ಕದಲ್ಲಿ ಸಾಕು. ಒಂದು ಗ್ರಾಂನಲ್ಲಿ ಸಾವಿರ ಮಿಲಿಗ್ರಾಂ, ಒಂದು ಮಿಲಿಗ್ರಾಂನಲ್ಲಿ ಸಾವಿರ ಮೈಕ್ರೋಗ್ರಾಂ. ಕಬ್ಬಿಣ, ಜಿಂಕ್, ಅಯೋಡಿನ್, ಸೆಲೆನಿಯಂ, ತಾಮ್ರ, ಮ್ಯಾಂಗನೀಸ್ ಎಲ್ಲ ಈ ಗುಂಪಿನವು. ಇವನ್ನೇ ಲಘು ಪೋಷಕಾಂಶ ಅಂತ ಕರೆಯುವುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ, 13.2 ಮಿಲಿಗ್ರಾಂ ಜಿಂಕ್ ಬೇಕು. ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ, 17 ಮಿಲಿಗ್ರಾಂ ಜಿಂಕ್. ಸೆಲೆನಿಯಂ ಮಾತ್ರ ಬರೀ 40 ಮೈಕ್ರೋಗ್ರಾಂ.

ಹೊಟ್ಟೆ ತುಂಬಾ ಊಟ ಮಾಡಿದರೂ ಇವು ಸಿಗದೆ ಹೋಗಬಹುದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲೂ ಅರ್ಧದ ಹತ್ತಿರ ಹತ್ತಿರ. ಇದಕ್ಕೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣಗಳಲ್ಲಿ ಅದೂ ಒಂದು.

ಮಣ್ಣಿಗೂ ಇದರಲ್ಲಿ ಪಾಲಿದೆ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಜೊತೆ ಸೇರಿ ಭೂಚೇತನ ಯೋಜನೆ ಶುರು ಮಾಡಿತು. ಆಗ ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷೆ ಮಾಡಿದಾಗ ಬಹಳ ಕಡೆ ಜಿಂಕ್, ಬೋರಾನ್, ಗಂಧಕ ಕಡಿಮೆ ಇರುವುದು ಗೊತ್ತಾಯಿತು. ಮಣ್ಣಲ್ಲೇ ಜಿಂಕ್ ಕಡಿಮೆ ಇದ್ದರೆ ಕಾಳಲ್ಲೂ ಕಡಿಮೆ, ಕಾಳಲ್ಲಿ ಕಡಿಮೆ ಇದ್ದರೆ ತಟ್ಟೆಯಲ್ಲೂ ಕಡಿಮೆ. ಬೆಳೆ ಬೆಳೆಯುವಾಗಲೇ ಅದರಲ್ಲಿ ಪೋಷಕಾಂಶ ಜಾಸ್ತಿ ಇರುವ ಹಾಗೆ ನೋಡಿಕೊಳ್ಳುವ ಕೆಲಸ ಇಂಥ ಕೊರತೆಯಿಂದಲೇ ಹುಟ್ಟಿದ್ದು. ಹೊಲದಲ್ಲಿ ಇದನ್ನು ಗೊಬ್ಬರದಿಂದ ಮಾಡುತ್ತಾರೆ, ತಳಿಯಿಂದ ಮಾಡುತ್ತಾರೆ. ಕಬ್ಬಿಣ ಜಾಸ್ತಿ ಇರುವ ಧನಶಕ್ತಿ ಅನ್ನೋ ಸಜ್ಜೆ ತಳಿ ಹಾಗೆ ಬಂದದ್ದು. ಮೊಳಕೆಯಲ್ಲಾದರೆ ಹೊಲವೇ ಬೇಡ, ನಾಲ್ಕೈದು ದಿನದಲ್ಲಿ ಕೆಲಸ ಮುಗಿಯುತ್ತದೆ.

ಕಾಳಲ್ಲಿ ಇರೋದೇ ಬೇರೆ, ನಮಗೆ ಸಿಗೋದೇ ಬೇರೆ

ಇಲ್ಲಿ ಬಹಳ ಜನಕ್ಕೆ ಒಂದು ತಪ್ಪು ಕಲ್ಪನೆ ಇದೆ. ಮೊಳಕೆ ಬರಿಸಿದರೆ ಕಾಳಲ್ಲಿ ಕಬ್ಬಿಣ, ಜಿಂಕ್ ಹೆಚ್ಚುತ್ತದೆ ಅಂದುಕೊಂಡಿರುತ್ತಾರೆ. ಇಲ್ಲ. ಬರೀ ನೀರಿನಲ್ಲಿ ನೆನೆಸಿದ ಕಾಳಿಗೆ ಹೊಸ ಜಿಂಕ್ ಎಲ್ಲಿಂದ ಬರಬೇಕು? ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು ಎರಡೂವರೆ ಮಿಲಿಗ್ರಾಂ ಜಿಂಕ್ ಇದೆ ಅಂದರೆ, ಅದು ಮೊಳಕೆ ಬಂದು ಮೂರು ಪಟ್ಟು ತೂಕ ಆದಮೇಲೂ ಒಟ್ಟು ಅಷ್ಟೇ. ಇನ್ನೂ ಹೇಳಬೇಕೆಂದರೆ ನೆನೆಸಿದ ನೀರಲ್ಲಿ ಸ್ವಲ್ಪ ಹೋಗಿಯೇ ಇರುತ್ತದೆ.

ಹಾಗಾದರೆ ಮೊಳಕೆ ಒಳ್ಳೆಯದು ಅನ್ನೋದು ಸುಳ್ಳಾ? ಅದೂ ಅಲ್ಲ. ಬೀಜ ಅಂದರೆ ಮುಂದೆ ಹುಟ್ಟುವ ಗಿಡಕ್ಕೆ ಕಟ್ಟಿಟ್ಟ ಬುತ್ತಿ. ಗಿಡಕ್ಕೆ ಬೇಕಾದ ರಂಜಕವನ್ನು ಬೀಜ ಫೈಟಿಕ್ ಆಮ್ಲ ಅನ್ನೋ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಈ ಫೈಟಿಕ್ ಆಮ್ಲಕ್ಕೆ ಒಂದು ಗುಣ ಇದೆ: ಜಿಂಕ್, ಕಬ್ಬಿಣ, ಕ್ಯಾಲ್ಸಿಯಂ ಕಂಡರೆ ಹಿಡಿದುಕೊಳ್ಳುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ನಾವು ಕಾಳು ತಿಂದಾಗ ನಮ್ಮ ಕರುಳು ಅವನ್ನು ಬಿಡಿಸಿಕೊಳ್ಳಲು ಆಗದೆ ಬಹುಪಾಲು ಹಾಗೇ ಹೊರಗೆ ಹೋಗಿಬಿಡುತ್ತದೆ. ಕಾಳಿಗೆ ನೀರು ತಾಗಿ ಮೊಳಕೆ ಒಡೆಯುವ ಹೊತ್ತಿಗೆ ಬೀಜದೊಳಗೆ ಫೈಟೇಸ್ ಅನ್ನೋ ಕಿಣ್ವ ಕೆಲಸ ಶುರು ಮಾಡುತ್ತದೆ. ಅದು ಫೈಟಿಕ್ ಆಮ್ಲವನ್ನು ಒಡೆದು ರಂಜಕವನ್ನು ಎಳೆಗಿಡಕ್ಕೆ ಕೊಡುತ್ತದೆ. ಅದರ ಹಿಡಿತದಲ್ಲಿದ್ದ ಜಿಂಕ್, ಕಬ್ಬಿಣ ಸಡಿಲವಾಗುತ್ತವೆ. ಇದರ ಮೇಲೆ, ಒಣಕಾಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇದ್ದ ವಿಟಮಿನ್ ಸಿ ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ. ಕಬ್ಬಿಣ ಮೈಗೆ ಹತ್ತುವುದಕ್ಕೆ ಅದು ಸಹಾಯ ಮಾಡುತ್ತದೆ.

ಅಂದರೆ ಮೊಳಕೆ ಮಾಡುವ ಉಪಕಾರ ಇದ್ದದ್ದನ್ನು ನಮಗೆ ಸಿಗುವಂತೆ ಮಾಡುವುದು. ಇಲ್ಲದ್ದನ್ನು ಸೇರಿಸಬೇಕಾದರೆ ಹೊರಗಿನಿಂದಲೇ ಕೊಡಬೇಕು.

ನೀರಿನ ಜೊತೆ ಒಳಗೆ ಹೋಗೋದು ಹೇಗೆ

ಒಣಕಾಳನ್ನು ನೀರಿಗೆ ಹಾಕಿದ ಮೊದಲ ಕೆಲವು ಗಂಟೆ ಗಮನಿಸಿ ನೋಡಿ. ಸಿಪ್ಪೆ ಮೊದಲು ಸುಕ್ಕಾಗುತ್ತದೆ, ಆಮೇಲೆ ಕಾಳು ಉಬ್ಬಿ ಸಿಪ್ಪೆ ಬಿಗಿಯಾಗುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ತೂಕ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ಆ ಹೊತ್ತಲ್ಲಿ ನೀರಲ್ಲಿ ಕರಗಿದ ಖನಿಜವೂ ಜೊತೆಗೇ ಒಳಗೆ ಹೋಗುತ್ತದೆ. ಸಂಶೋಧಕರು ಮಾಡುವುದೂ ಇದನ್ನೇ. ಜಿಂಕ್ ಸಲ್ಫೇಟ್ ಅಥವಾ ಸೋಡಿಯಂ ಸೆಲೆನೇಟ್‌ನಂಥ ಲವಣವನ್ನು ಶುದ್ಧ ನೀರಲ್ಲಿ ತುಂಬಾ ತೆಳುವಾಗಿ ಕರಗಿಸಿ, ಅಳತೆ ಮಾಡಿದ ಬೀಜವನ್ನು ಅದರಲ್ಲಿ ಅಳತೆ ಮಾಡಿದ ಹೊತ್ತು ನೆನೆಸುತ್ತಾರೆ. ಕೆಲವರು ನೆನೆಸುವುದು ಬರೀ ನೀರಲ್ಲೇ, ಆಮೇಲೆ ಮೊಳಕೆ ಬೆಳೆಯುವಾಗ ಚಿಮುಕಿಸುವ ನೀರಲ್ಲಿ ಖನಿಜ ಕೊಡುತ್ತಾರೆ. ಬೇರು ಬಿಟ್ಟಮೇಲೆ ಅದು ಬೇರಿನಿಂದಲೇ ಎಳೆದುಕೊಳ್ಳುತ್ತದೆ.

ಕೊನೆಗೆ ಚೆನ್ನಾಗಿ ತೊಳೆದು ಒಣಗಿಸಿ, ಒಳಗೆ ನಿಜಕ್ಕೂ ಎಷ್ಟು ಹೋಗಿದೆ ಅಂತ ಲ್ಯಾಬಿನಲ್ಲಿ ಅಳೆಯುತ್ತಾರೆ. ತೊಳೆಯುವುದು ಬಹಳ ಮುಖ್ಯ, ಯಾಕೆಂದರೆ ಸಿಪ್ಪೆಗೂ ಬೇರಿಗೂ ಸುಮ್ನೆ ಅಂಟಿಕೊಂಡ ಖನಿಜವೂ ಲೆಕ್ಕಕ್ಕೆ ಸೇರಿಬಿಟ್ಟರೆ ಅಂಕಿ ದೊಡ್ಡದಾಗಿ ಕಾಣುತ್ತದೆ.

ಒಂದು ಮಿತಿ ಇಲ್ಲಿ ತಾನಾಗೇ ಬರುತ್ತದೆ. ಜಿಂಕ್ ಜಾಸ್ತಿಯಾದರೆ ಬೀಜಕ್ಕೇ ತಡೆಯುವುದಿಲ್ಲ. ಬೇರು ಮೊಟಕಾಗುತ್ತದೆ, ಎಲೆ ಹಳದಿಯಾಗುತ್ತದೆ, ಕೆಲವು ಕಾಳು ಮೊಳಕೆಯೇ ಒಡೆಯುವುದಿಲ್ಲ. ಹಾಗಾಗಿ ಬೀಜಕ್ಕೆ ತೊಂದರೆಯಾಗದೆ, ತಿನ್ನುವವರಿಗೂ ತೊಂದರೆಯಾಗದೆ, ಆದರೂ ಉಪಯೋಗ ಆಗುವಷ್ಟು ಸೇರಿಸುವ ಹದ ಹುಡುಕುವುದೇ ಈ ಕ್ಷೇತ್ರದ ಮುಖ್ಯ ಕೆಲಸ. ಒಂದು ಕಾಳಿಗೆ ಸರಿಹೋದ ಹದ ಇನ್ನೊಂದಕ್ಕೆ ಸರಿಹೋಗುವುದಿಲ್ಲ.

ಸೆಲೆನಿಯಂ ಮತ್ತು ಸಾಸಿವೆ

ಸಾಸಿವೆ, ಮೂಲಂಗಿ, ಕೋಸು, ಬ್ರೊಕೊಲಿ ಎಲ್ಲ ಒಂದೇ ಕುಟುಂಬದವು. ಮೂಲಂಗಿ ಹೆಚ್ಚಿದಾಗ ಮೂಗಿಗೆ ಹೊಡೆಯುವ ವಾಸನೆ, ಸಾಸಿವೆ ಅರೆದಾಗ ಬರುವ ಘಾಟು, ಇವಕ್ಕೆಲ್ಲ ಕಾರಣ ಗಂಧಕ ಸೇರಿದ ಪದಾರ್ಥಗಳು. ಅಂದರೆ ಈ ಗಿಡಗಳಿಗೆ ಗಂಧಕ ಜಾಸ್ತಿ ಬೇಕು, ಬೇರಿನಿಂದ ಅದನ್ನು ಜೋರಾಗಿ ಎಳೆದುಕೊಳ್ಳುತ್ತವೆ. ಮೂಲವಸ್ತುಗಳ ಕೋಷ್ಟಕದಲ್ಲಿ ಗಂಧಕದ ಸರಿಯಾಗಿ ಕೆಳಗಿನ ಮನೆಯಲ್ಲಿ ಇರುವುದು ಸೆಲೆನಿಯಂ. ಗುಣ ಎಷ್ಟು ಹೋಲುತ್ತದೆಂದರೆ ಗಿಡಕ್ಕೆ ಎರಡರ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಶಾಲೆಯ ಗೇಟಿನಲ್ಲಿ ಕಾವಲುಗಾರ ಯೂನಿಫಾರ್ಮ್ ಅಷ್ಟೇ ನೋಡಿ ಒಳಗೆ ಬಿಟ್ಟ ಹಾಗೆ, ಗಂಧಕಕ್ಕೆ ಇರುವ ದಾರಿಯಲ್ಲೇ ಸೆಲೆನಿಯಂ ಕೂಡ ಒಳಗೆ ಹೋಗುತ್ತದೆ. ಸೆಲೆನಿಯಂ ತುಂಬಿಸಿದ ತರಕಾರಿ ಮೊಳಕೆ ಅಂದಾಗ ಬ್ರೊಕೊಲಿ, ಮೂಲಂಗಿ, ಸಾಸಿವೆ ಹೆಸರೇ ಹೆಚ್ಚಾಗಿ ಬರುವುದು ಇದಕ್ಕೇ.

ಒಳಗೆ ಹೋದಮೇಲೆ ಏನಾಗುತ್ತದೆ ಅನ್ನೋದು ನನಗೆ ಎಲ್ಲಕ್ಕಿಂತ ಆಸಕ್ತಿಯ ಭಾಗ. ನಾವು ಕೊಟ್ಟದ್ದು ಲವಣ. ಗಿಡ ಅದನ್ನು ಲವಣವಾಗಿಯೇ ಇಟ್ಟುಕೊಂಡು ಕೂರುವುದಿಲ್ಲ. ಪ್ರೋಟೀನ್ ಕಟ್ಟಲು ಬಳಸುವ ಅಮೈನೋ ಆಮ್ಲಗಳಲ್ಲಿ ಗಂಧಕ ಇರುವ ಜಾಗದಲ್ಲಿ ಸೆಲೆನಿಯಂ ಕೂರಿಸುತ್ತದೆ. ಸೆಲೆನೋಮೆಥಿಯೋನಿನ್ ಅನ್ನೋದು ಹಾಗೆ ಆಗುವಂಥದ್ದು. ಸಾಸಿವೆ ಕುಟುಂಬದ ಕೆಲವು ಗಿಡಗಳು, ಬೆಳ್ಳುಳ್ಳಿಯಂಥವೂ ಕೂಡ, ಇನ್ನೂ ಒಂದು ಹೆಜ್ಜೆ ಹೋಗಿ ಮೀಥೈಲ್ ಸೆಲೆನೋಸಿಸ್ಟೀನ್ ಅನ್ನೋ ರೂಪಕ್ಕೆ ತಿರುಗಿಸಿ, ತಮ್ಮ ಪ್ರೋಟೀನಿಗೆ ಹಾನಿಯಾಗದ ಹಾಗೆ ಬೇರೆ ಇಟ್ಟುಕೊಳ್ಳುತ್ತವೆ. ಇಂಥ ರೂಪದ ಸೆಲೆನಿಯಂ ನಮ್ಮ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಮೊಳಕೆಯ ಮೂಲಕ ಕೊಡಬೇಕು ಅನ್ನುವವರ ಮುಖ್ಯ ವಾದ ಇದು.

ಬ್ರೊಕೊಲಿ ಮೊಳಕೆಯ ಸೆಲೆನಿಯಂ ಇಲಿಗಳಲ್ಲಿ ಕರುಳಿನ ಕ್ಯಾನ್ಸರಿನ ಮೊದಲ ಗುರುತುಗಳನ್ನು ಕಡಿಮೆ ಮಾಡಿತು ಅನ್ನೋ ಅಮೆರಿಕದ ಪ್ರಯೋಗ ಇದೆ. ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. 2001ರಲ್ಲಿ ಅಮೆರಿಕ, ಕೆನಡಾದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡು ಶುರುವಾದ ಪ್ರಯೋಗದಲ್ಲಿ ಸೆಲೆನಿಯಂ ಮಾತ್ರೆ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತದಾ ಅಂತ ನೋಡಿದರು. ತಡೆಯಲಿಲ್ಲ, 2008ರಲ್ಲಿ ಮಾತ್ರೆ ಕೊಡುವುದನ್ನು ನಿಲ್ಲಿಸಿದರು. ಕೊರತೆ ಇಲ್ಲದವರಿಗೆ ಇನ್ನಷ್ಟು ಕೊಟ್ಟು ಲಾಭ ಸಿಗಲಿಲ್ಲ.

ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ

ಚೀನಾದ ಈಶಾನ್ಯದಲ್ಲಿ ಕೆಶಾನ್ ಅನ್ನೋ ಜಿಲ್ಲೆ ಇದೆ. 1935ರಲ್ಲಿ ಅಲ್ಲಿ ಹೃದಯದ ಸ್ನಾಯು ದುರ್ಬಲವಾಗಿ ಮಕ್ಕಳು, ಚಿಕ್ಕ ವಯಸ್ಸಿನ ಹೆಂಗಸರು ಸಾಯುವ ಕಾಯಿಲೆ ಗುರುತಿಗೆ ಬಂತು. ಅದಕ್ಕೆ ಕೆಶಾನ್ ಕಾಯಿಲೆ ಅಂತಲೇ ಹೆಸರು. ಅಲ್ಲಿನ ಮಣ್ಣಲ್ಲಿ ಸೆಲೆನಿಯಂ ತೀರಾ ಕಡಿಮೆ, ಜನ ತಿನ್ನುತ್ತಿದ್ದದ್ದು ಆ ಮಣ್ಣಲ್ಲಿ ಬೆಳೆದದ್ದೇ. 1970ರ ದಶಕದಲ್ಲಿ ಕಾಯಿಲೆ ಇದ್ದ ಪ್ರದೇಶಗಳ ಮಕ್ಕಳಿಗೆ ಸೆಲೆನಿಯಂ ಕೊಟ್ಟಾಗ ಕಾಯಿಲೆ ಇಳಿಯಿತು. ಅದೇ ಚೀನಾದ ಎನ್‌ಶಿ ಪ್ರದೇಶದಲ್ಲಿ 1960ರ ದಶಕದಲ್ಲಿ ಪೂರ್ತಿ ಉಲ್ಟಾ ಆಯಿತು. ಮಣ್ಣಲ್ಲಿ ಸೆಲೆನಿಯಂ ಅತಿಯಾಗಿ, ಜನರ ಕೂದಲು ಉದುರಿತು, ಉಗುರು ಕಳಚಿತು. ನಮ್ಮ ದೇಶದಲ್ಲೂ ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆಯ ಕೆಲವು ಹೊಲಗಳಲ್ಲಿ ಸೆಲೆನಿಯಂ ಎಷ್ಟು ಜಾಸ್ತಿ ಇದೆ ಅಂದರೆ ಅಲ್ಲಿನ ಮೇವು ತಿಂದ ದನಗಳ ಗೊರಸು, ಕೊಂಬು ಹಾಳಾದದ್ದು ದಾಖಲಾಗಿದೆ.

ಫಿನ್‌ಲೆಂಡ್ ಒಂದು ದಾರಿ ತೋರಿಸಿತು. ಅಲ್ಲಿನ ಮಣ್ಣಲ್ಲೂ ಗಿಡಕ್ಕೆ ಸಿಗುವ ರೂಪದ ಸೆಲೆನಿಯಂ ಕಡಿಮೆ. 1984ರಲ್ಲಿ ಗೊಬ್ಬರಕ್ಕೇ ಸೋಡಿಯಂ ಸೆಲೆನೇಟ್ ಸೇರಿಸಲು ತೀರ್ಮಾನಿಸಿದರು, ಧಾನ್ಯದ ಬೆಳೆಗೆ ಕಿಲೋ ಗೊಬ್ಬರಕ್ಕೆ 16 ಮಿಲಿಗ್ರಾಂ. ಆಮೇಲೆ ಕೈಕಟ್ಟಿ ಕೂರಲಿಲ್ಲ. ಮಣ್ಣು, ಬೆಳೆ, ಹಾಲು, ಮಾಂಸ, ಜನರ ರಕ್ತ ಎಲ್ಲ ಪರೀಕ್ಷೆ ಮಾಡುತ್ತಾ ಹೋದರು, ಜಾಸ್ತಿಯಾಯಿತು ಅನಿಸಿದಾಗ 1990ರಲ್ಲಿ ಅದನ್ನು 6 ಮಿಲಿಗ್ರಾಂಗೆ ಇಳಿಸಿದರು, ಮುಂದೆ ಮತ್ತೆ ಏರಿಸಿದರು. ಒಂದು ದೇಶ ಇಷ್ಟು ಅಳೆದು ಅಳೆದು ಮಾಡಿದ ಕೆಲಸ ಇದು.

ಈಗ ಮನೆಯ ಲೆಕ್ಕಕ್ಕೆ ಬರೋಣ. ದಿನಕ್ಕೆ 40 ಮೈಕ್ರೋಗ್ರಾಂ ಅಂದರೆ ಒಂದೇ ಒಂದು ಗ್ರಾಂ ಸೆಲೆನಿಯಂ ಒಬ್ಬರಿಗೆ 25,000 ದಿನ, ಅಂದರೆ 68 ವರ್ಷ ಸಾಕು. ಅಮೆರಿಕದಲ್ಲಿ ದಿನಕ್ಕೆ 400 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತಾರೆ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮಿತಿಯನ್ನು 255ಕ್ಕೆ ಇಳಿಸಿತು. ಅಡುಗೆಮನೆಯ ತಕ್ಕಡಿ ತೋರಿಸುವ ಅತಿ ಸಣ್ಣ ತೂಕವೇ ಸಾಮಾನ್ಯವಾಗಿ ಒಂದು ಗ್ರಾಂ. ಚಿಟಿಕೆ ಲೆಕ್ಕದಲ್ಲಿ ಹಾಕುವ ವಸ್ತು ಇದಲ್ಲವೇ ಅಲ್ಲ. ಕಾರ್ಖಾನೆಯಲ್ಲೇ ತಪ್ಪಿದ ಉದಾಹರಣೆ ಇದೆ: 2008ರಲ್ಲಿ ಅಮೆರಿಕದಲ್ಲಿ ಒಂದು ಪೌಷ್ಟಿಕ ದ್ರವದಲ್ಲಿ ಲೇಬಲಿನಲ್ಲಿ ಬರೆದದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿ ಇನ್ನೂರರಷ್ಟು ಜನಕ್ಕೆ ಕೂದಲು ಉದುರುವುದು, ಭೇದಿ, ಕೀಲುನೋವು ಶುರುವಾಯಿತು.

ಜಿಂಕ್ ಇಷ್ಟು ಅಪಾಯದ್ದಲ್ಲ. ಆದರೂ ದಿನವೂ ಅತಿಯಾಗಿ ಹೋದರೆ ದೇಹ ತಾಮ್ರವನ್ನು ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಮಾತ್ರೆ ಪುಡಿ ಮಾಡಿ ಹಾಕಿದರೆ ಎಷ್ಟು ಕಾಳಿಗೆ ಹೋಯಿತು, ಎಷ್ಟು ನೀರಲ್ಲಿ ಉಳಿಯಿತು ಅಂತ ಮನೆಯಲ್ಲಿ ಗೊತ್ತಾಗುವುದೇ ಇಲ್ಲ. ಮಾತ್ರೆಯಲ್ಲಿ ಅಂಟು, ಬಣ್ಣ, ಸಿಹಿ ಪದಾರ್ಥ ಬೇರೆ ಇರುತ್ತವೆ. ಗೊಬ್ಬರದ ಅಂಗಡಿಯ ಜಿಂಕ್ ಸಲ್ಫೇಟ್ ಬಳಸುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಅದು ಹೊಲಕ್ಕೆ ಮಾಡಿದ್ದು, ಅದರಲ್ಲಿ ಸೀಸ, ಕ್ಯಾಡ್ಮಿಯಂನಂಥ ಕಲ್ಮಶ ಇರಬಹುದು.

ಕಬ್ಬಿಣ, ಅಯೋಡಿನ್

ಕಬ್ಬಿಣ ಸೇರಿಸುವುದು ಸ್ವಲ್ಪ ಕಷ್ಟ. ಗಾಳಿ ತಾಗಿದರೆ ತುಕ್ಕಿನ ಬಣ್ಣಕ್ಕೆ ತಿರುಗಿ ಗಿಡಕ್ಕೆ ಸಿಗದ ರೂಪಕ್ಕೆ ಹೋಗುತ್ತದೆ. ಪೋಲೆಂಡಿನಲ್ಲಿ ಸೋಯಾ ಬೀಜಕ್ಕೆ ಕಬ್ಬಿಣದ ಲವಣ ಕೊಟ್ಟು, ಮೊಳಕೆ ಅದನ್ನು ಫೆರಿಟಿನ್ ಅನ್ನೋ ಪ್ರೋಟೀನಿನೊಳಗೆ ತುಂಬಿಟ್ಟುಕೊಳ್ಳುವಂತೆ ಮಾಡಿದ ಕೆಲಸ ಆಗಿದೆ. ಒಂದು ಫೆರಿಟಿನ್ ಒಳಗೆ ಸುಮಾರು 4,500 ಕಬ್ಬಿಣದ ಪರಮಾಣು ಹಿಡಿಯುತ್ತವೆ. ನಮ್ಮ ದೇಹವೂ ಕಬ್ಬಿಣ ಕೂಡಿಡುವುದು ಇಂಥದ್ದೇ ಪ್ರೋಟೀನಿನಲ್ಲಿ. ಅಯೋಡಿನ್ ಸೇರಿಸುವ ಪ್ರಯೋಗಗಳೂ ಇವೆ, ಆದರೆ ಅದು ನಮಗೆ ಉಪ್ಪಿನಲ್ಲೇ ಬರುತ್ತಿದೆ.

ಮನೆಯಲ್ಲಿ ಮಾಡಬಹುದಾದದ್ದು

ಹೊಸ ಲವಣ ಸೇರಿಸದೆಯೇ, ಕಾಳಲ್ಲಿ ಇರುವುದನ್ನು ಮೈಗೆ ಹತ್ತಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು ಬಟ್ಟೆಯಲ್ಲಿ ಕಟ್ಟಿಡಿ. ನೆನೆಸಿದ ನೀರು ಚೆಲ್ಲಿದರೆ ಸ್ವಲ್ಪ ಖನಿಜ ಹೋದರೂ ಫೈಟಿಕ್ ಆಮ್ಲವೂ ಹೋಗುತ್ತದೆ. ಬೇಯಿಸಿದ ನೀರು ಮಾತ್ರ ಚೆಲ್ಲಬಾರದು. ಮೊಳಕೆ ಹುರುಳಿಕಾಳಿನ ಬಸ್ಸಾರು ಮಾಡುವಾಗ ಬಸಿದ ಕಟ್ಟು ಸಾರಿಗೇ ಹೋಗುತ್ತದಲ್ಲ, ನೀರಿಗೆ ಇಳಿದ ಖನಿಜವೂ ಅದರ ಜೊತೆ ತಟ್ಟೆಗೇ ವಾಪಸ್ ಬರುತ್ತದೆ. ಉತ್ತರ ಕರ್ನಾಟಕದ ಮಡಕಿಕಾಳಿನ ಉಸುಳಿಗೆ ಕೊನೆಯಲ್ಲಿ ಒಲೆಯಿಂದ ಇಳಿಸಿ ನಿಂಬೆರಸ ಹಿಂಡಿ. ಬೇಯಿಸುವಾಗ ಕಾಳಿನ ವಿಟಮಿನ್ ಸಿ ಬಹಳಷ್ಟು ಹೋಗಿರುತ್ತದೆ, ನಿಂಬೆ ಅದನ್ನು ಮತ್ತೆ ಕೊಡುತ್ತದೆ. ಊಟದ ಜೊತೆಗೇ ಕಾಫಿ, ಟೀ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ, ಅವು ಕಬ್ಬಿಣ ಹತ್ತುವುದನ್ನು ತಡೆಯುತ್ತವೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿ ಮಕ್ಕಳಿಗೆ ಕೊಡುವ ನಮ್ಮ ರೂಢಿಯೂ ಇದೇ ಕೆಲಸ ಮಾಡುತ್ತದೆ.

ಮೊಳಕೆಯನ್ನು ಬೇಯಿಸಿಯೇ ತಿನ್ನಿ. ಯಾಕೆ ಅಂದರೆ, ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ರೋಗಾಣುವಿಗೂ ಬೇಕಾದದ್ದು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ. ಕೋಲಿ ಬ್ಯಾಕ್ಟೀರಿಯಾ ಹರಡಿ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಬೀಜ ಬಂದದ್ದು ಈಜಿಪ್ಟಿನಿಂದ. ಸಿಪ್ಪೆಯ ಬಿರುಕಿನಲ್ಲಿ ಕೂತ ಬ್ಯಾಕ್ಟೀರಿಯಾ ತೊಳೆದರೆ ಹೋಗುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಖನಿಜ ಸೇರಿಸಿದ ಮೊಳಕೆಗೂ ಇದೇ ಮಾತು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಹಸಿ ಮೊಳಕೆ ತಿನ್ನದಿರುವುದು ಒಳ್ಳೆಯದು. ಇನ್ನು ಬಿತ್ತನೆ ಬೀಜವನ್ನು ಎಂದೂ ಮೊಳಕೆ ಕಟ್ಟಿ ತಿನ್ನಬೇಡಿ. ಅದಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ, ಗುರುತಿಗೆ ಬಣ್ಣವನ್ನೂ ಹಾಕಿರುತ್ತಾರೆ.

ಪೊಟ್ಟಣ ಕೊಳ್ಳುವುದಾದರೆ

ಸೆಲೆನಿಯಂ ಭರಿತ, ಜಿಂಕ್ ಭರಿತ ಅಂತ ಬರೆದ ಮೊಳಕೆ ಅಥವಾ ಮೊಳಕೆಯ ಪುಡಿ ಕಂಡರೆ ಮೊದಲು ಅಂಕಿ ಹುಡುಕಿ. ಬರೀ ಭರಿತ ಅಂದರೆ ಏನೂ ತಿಳಿಯುವುದಿಲ್ಲ, ನೂರು ಗ್ರಾಂನಲ್ಲಿ ಎಷ್ಟು ಅಂತ ಇರಬೇಕು. ಆಮೇಲೆ ಆ ನೂರು ಗ್ರಾಂ ಹಸಿಯದ್ದೋ ಒಣಗಿಸಿದ್ದೋ ನೋಡಿ. ಉದ್ದ ಬೆಳೆದ ಮೊಳಕೆಯಲ್ಲಿ ನೂರಕ್ಕೆ 90ರಷ್ಟು ನೀರೇ ಇರುತ್ತದೆ, ಹಾಗಾಗಿ ಒಣ ತೂಕದ ಲೆಕ್ಕ ಹಸಿ ತೂಕದ್ದಕ್ಕಿಂತ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮಿಲಿಗ್ರಾಂ, ಮೈಕ್ರೋಗ್ರಾಂ ಎರಡರಲ್ಲಿ ಯಾವುದು ಅಂತ ಎರಡು ಸಲ ಓದಿ, ಅಲ್ಲಿ ಸಾವಿರ ಪಟ್ಟು ಅಂತರ ಇದೆ. ಈಗಾಗಲೇ ಮಲ್ಟಿವಿಟಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದರಲ್ಲೂ ಜಿಂಕ್, ಸೆಲೆನಿಯಂ ಇರುವ ಸಾಧ್ಯತೆ ಹೆಚ್ಚು, ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ಥೈರಾಯ್ಡ್ ಅಥವಾ ಕಿಡ್ನಿ ತೊಂದರೆಗೆ ಔಷಧಿ ನಡೆಯುತ್ತಿದ್ದರೆ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಕೇಳಿ.